ನಡುವೆ ನಿಂತ ಪರೀಕ್ಷೆ

ಬೀರೇಶನಿಗೆ ಕೂತಲ್ಲಿ ಕೂತಿರಲು ಬಾರದು. ಕಡಕೊಳದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಅವನ ಕೆಲಸ, ಅಲ್ಲಿಗೆ ಆ ಗುಣ ಒಪ್ಪುತ್ತಿತ್ತು. ರಜೆಯ ದಿನ ಮಾತ್ರ ಬನ್ನಿಮಂಟಪದ ಮಹಡಿಮನೆಯಲ್ಲಿ ನಲ್ಲಿಯನ್ನೋ ಮಿಕ್ಸಿಯನ್ನೋ ಬಿಚ್ಚಿ ಹರಡದಿದ್ದರೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಹೆಂಡತಿ ತನುಶ್ರೀ ಮನೆಗಳ ನಕ್ಷೆ ಬರೆಯುವವಳು. ಇಷ್ಟು ವರ್ಷ ಇಂಜಿನಿಯರೊಬ್ಬರ ಕೈಕೆಳಗಿದ್ದು, ಈಗ ಮೊದಲ ಸಲ ತನ್ನದೇ ಹೆಸರಿನಲ್ಲಿ ಒಂದು ಮನೆ ಒಪ್ಪಿಕೊಂಡಿದ್ದಳು. ಕಡಕೊಳದ ತಿಮ್ಮಮ್ಮ, ಚಾಮಯ್ಯ ಗಂಡಹೆಂಡಿರ ಮನೆ. ಸೋಮವಾರ ಅವರಿಬ್ಬರೂ ಬಂದು, ಪಾಯ ತೆಗೆಯುವ ಮೊದಲೇ ಆ ಮನೆಯನ್ನು ಕಂಪ್ಯೂಟರಿನೊಳಗೆ ಸುತ್ತಿ ನೋಡುವವರಿದ್ದರು.

ಕಂಪ್ಯೂಟರು ಹಳೆಯದು, ಬೀರೇಶ ಐಟಿಐ ಮುಗಿಸಿದ ವರ್ಷದ್ದು. ಪರದೆಯ ಮೇಲಿನ ಮನೆಯಲ್ಲಿ ಪಡಸಾಲೆಯಿಂದ ಅಡುಗೆಮನೆಗೆ ತಿರುಗುವಷ್ಟರಲ್ಲಿ ಚಿತ್ರ ಕುಂಟುತ್ತಿತ್ತು.

"ಓವರ್‌ಕ್ಲಾಕ್ ಮಾಡ್ತೀನಿ ಬುಡು," ಅಂದ ಬೀರೇಶ. "ಕಂಪ್ನಿಯವ್ರು ಕಟ್ಟಿಟ್ಟಿರೋ ಓಟಕ್ಕಿಂತ ಒಂಚೂರು ಜಾಸ್ತಿ ಓಡಿಸೋದು, ಅಷ್ಟೇ."

"ಕಾಪಿ ಇದ್ದ ಪೆನ್‌ಡ್ರೈವು ಬಸ್ಸಲ್ಲಿ ಕಳ್ದೋಗಿದೆ, ನೆನಪಿರ್ಲಿ. ಇರೋದು ಇದೊಂದೇ ಫೈಲು ಕಣ್ರೀ. ಎರಡು ತಿಂಗ್ಳ ಕೆಲ್ಸ."

"ನಿನ್ನ ಫೈಲ್ ಮುಟ್ಟೋದೇ ಇಲ್ಲ ಕಣೇ."

ಭಾನುವಾರವೆಲ್ಲ ಅವನು ಕೆಲಸವನ್ನು ಕ್ರಮವಾಗಿಯೇ ಮಾಡಿದ. ಲೆಕ್ಕವೆಲ್ಲ ಮಾಡುವ ಪ್ರೊಸೆಸರಿನ ಮೇಲಿನ ಫ್ಯಾನು ಬಿಚ್ಚಿ, ದೂಳು ಊದಿ, ಬಿಸಿ ಹೊರಸಾಗಿಸುವ ಪೇಸ್ಟು ಒಣಗಿ ಹಕ್ಕಳೆಯಾಗಿದ್ದನ್ನು ಒರೆಸಿ ಹೊಸದು ಹಚ್ಚಿದ. ವೇಗವನ್ನು ಒಂದೊಂದೇ ಹಲ್ಲು ಏರಿಸುವುದು, ಅದಕ್ಕೆ ಭಾರೀ ಲೆಕ್ಕ ಮಾಡಲು ಕೊಟ್ಟು ಎಷ್ಟು ಬಿಸಿಯಾಯಿತೆಂದು ನೋಡುವುದು, ತಡೆಯಿತೆಂದರೆ ಇನ್ನೊಂದು ಹಲ್ಲು. ಒಂದು ಹಂತದಲ್ಲಿ ಪರದೆ ಕಪ್ಪಾಗಿ ನಿಂತಿತು. ತೆಪ್ಪಗೆ ಒಂದು ಹಲ್ಲು ಇಳಿಸಿ, ಮೂರು ತಾಸು ಓಡಿಸಿ ನೋಡಿದ. ಬಿಸಿ ಮಿತಿಯಲ್ಲಿತ್ತು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು.

ಸೋಮವಾರ ರಜೆ ಹಾಕಿದವನು ಬೆಳಗಾಗುತ್ತಲೇ ಮೆಮೊರಿಗೆ ಕೈ ಹಾಕಿದ. ಅದರ ಎರಡು ಪಟ್ಟಿಗಳಲ್ಲಿ ಒಂದು ಹಳೆಯದು, ಇನ್ನೊಂದು ಬೇರೆ ಕಂಪನಿಯದು. ಎರಡನ್ನೂ ಒಂದೇ ವೇಗಕ್ಕೆ ಎಳೆದು, ಬರೆದದ್ದನ್ನು ತಪ್ಪಿಲ್ಲದೆ ನೆನಪಿಡುತ್ತವೆಯೇ ಎಂದು ನೋಡುವ ಪರೀಕ್ಷೆಗೆ ಹಚ್ಚಿದ. ಪರೀಕ್ಷೆ ಎಷ್ಟಾಯಿತೆಂದು ತೋರಿಸುವ ಗೆರೆ ಪರದೆಯ ಮೇಲೆ ಬಸವನ ಹುಳುವಿನಂತೆ ತೆವಳಿತು. ಹಾಲು ತಂದ, ಗಾಡಿ ಒರೆಸಿದ, ಮೆಟ್ಟಿಲು ಹತ್ತಿ ಬಂದು ನೋಡಿದ. ಅರ್ಧವೂ ಆಗಿರಲಿಲ್ಲ, ಒಂದು ತಪ್ಪೂ ಸಿಕ್ಕಿರಲಿಲ್ಲ. ಇಷ್ಟು ಹೊತ್ತು ಸಿಗದ್ದು ಇನ್ನೇನು ಸಿಕ್ಕೀತು ಎಂದು ನಿಲ್ಲಿಸಿಬಿಟ್ಟ.

"ಪರೀಕ್ಷೆ ಪೂರ್ತಿ ಆಯ್ತಾ?" ಬಚ್ಚಲಿಂದ ತನುಶ್ರೀ ಕೂಗಿದಳು.

"ಆಯ್ತು."

ಹೊತ್ತೇರಿದ ಮೇಲೆ ಗಂಡಹೆಂಡಿರಿಬ್ಬರೂ ಬಂದರು. ತಿಮ್ಮಮ್ಮ ಪರದೆಯ ಮುಂದೆ ಸೆರಗು ಹೊದ್ದು ಕೂತರು. ತನುಶ್ರೀ ಪರದೆಯ ಮೇಲಿನ ಮನೆಯ ಬಾಗಿಲು ತೆರೆದು ಒಳಗೆ ನಡೆಸಿದಳು. ಚಿತ್ರ ಎಣ್ಣೆ ಹಚ್ಚಿದಂತೆ ಜಾರಿತು. ಅವಳು ತಿರುಗಿ ಗಂಡನನ್ನು ನೋಡಿ ನಕ್ಕಳು.

"ಯಾಕವ್ವ ಇಂಗೆ ಓಡ್ತೀಯ?" ತಿಮ್ಮಮ್ಮ ತಡೆದರು. "ನಮ್ಮನೆ ಒಳಗೆ ನಾನೇನು ಓಡ್ಲಾ?"

"ನಿಂಗೆ ಮಂಡಿನೋವು, ಓಡೋದೆಲ್ಲಿ ಬಂತು?" ಅಂದರು ಚಾಮಯ್ಯ.

"ನೀವು ಸುಮ್ಕಿರಿ. ಒಲೆ ಮುಂದೆ ನಿಲ್ಸವ್ವ. ಇಲ್ಲಿಂದ ಹಸ ಕಾಣ್ತದಾ?"

ಕಾಣುತ್ತಿರಲಿಲ್ಲ. ಕಿಟಕಿ ಎಡಕ್ಕಿತ್ತು, ಕೊಟ್ಟಿಗೆ ಬಲಕ್ಕೆ. ತನುಶ್ರೀ ಅಲ್ಲೇ ಕಿಟಕಿಯನ್ನು ಸರಿಸತೊಡಗಿದಳು.

ಆಗ ಪರದೆಯಲ್ಲಿ ಅಡುಗೆಮನೆಯ ಗೋಡೆಯ ಮೇಲೆ ಹಸಿರು ತ್ರಿಕೋನವೊಂದು ಮೂಡಿ ಮಾಯವಾಯಿತು. ತಿಮ್ಮಮ್ಮನಿಗೆ ಕಾಣಲಿಲ್ಲ, ಬೀರೇಶನಿಗೆ ಕಂಡಿತು. ಮೆಮೊರಿ ತಪ್ಪು ಮಾಡುತ್ತಿದ್ದರೆ ಕಣ್ಣಿಗೆ ಕಂಡಿದ್ದು ಒಂದು, ಕಾಣದ್ದು ಎಷ್ಟೋ. ಇನ್ನೊಮ್ಮೆ ಮೂಡಲಿ, ಆಗ ಹೇಳೋಣವೆಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಕಾಲು ತಾನಾಗಿ ಕುಣಿಯುತ್ತಿತ್ತು. ಮತ್ತೆ ಮೂಡಲಿಲ್ಲ.

"ನೋಡಿ ಅಮ್ಮ, ಈಗ ಕೊಟ್ಟಿಗೆ ಕಾಣುತ್ತೆ. ಇದನ್ನ ಸೇವ್ ಮಾಡ್ಬುಡ್ತೀನಿ," ಎಂದು ತನುಶ್ರೀ ಕೈ ಚಾಚಿದಳು.

"ಬೇಡ! ಸೇವ್ ಮಾಡ್ಬೇಡ ಕಣೇ!"

ಮೂವರೂ ತಿರುಗಿದರು.

"ನಿನ್ನೆ ಸಂಜೆಯ ಫೈಲು ಚೆನ್ನಾಗೇ ಇದೆ. ಅದ್ರ ಮೇಲೆ ಈಗ ಬರೆದ್ರೆ ಕೆಡಬೋದು." ಬೀರೇಶ ಚೌಕಟ್ಟು ಬಿಟ್ಟು ಪರದೆಯ ಹತ್ತಿರ ಬಂದ. "ಬೆಳಿಗ್ಗೆ ಪರೀಕ್ಷೆ ಪೂರ್ತಿ ಆಗಿರ್ಲಿಲ್ಲ. ನಾನೇ ನಡುವೆ ನಿಲ್ಸಿದ್ದು."

ತನುಶ್ರೀಯ ಕೈ ಹಿಂದಕ್ಕೆ ಬಂತು. ಮುಖಕ್ಕೆ ರಕ್ತ ಏರಿತ್ತು. "ಕಾಫಿ ಕುಡೀರಿ ಅಮ್ಮ, ಇವರು ಸರಿ ಮಾಡ್ತಾರೆ," ಎಂದು ಒಳಗೆ ಹೋದಳು. ಪಾತ್ರೆ ಇಟ್ಟ ಸದ್ದು ಜೋರಾಗಿಯೇ ಕೇಳಿತು.

"ಏನಪ್ಪಾ, ಮನೆ ಬಿದ್ದೋಯ್ತಾ?" ಚಾಮಯ್ಯ ಕೇಳಿದರು.

"ಇಲ್ಲ ಯಜಮಾನ್ರೇ, ಉಳ್ಕೊಂಡಿದೆ."

ಅವನು ಯಂತ್ರ ಆರಿಸಿ, ಮೆಮೊರಿಯನ್ನು ಕಂಪನಿಯ ವೇಗಕ್ಕೇ ಇಳಿಸಿದ. ಪ್ರೊಸೆಸರನ್ನು ಏರಿಸಿದ ವೇಗದಲ್ಲೇ ಬಿಟ್ಟ. ಫೈಲು ತೆರೆದ. ಮನೆ ಇಡಿಯಾಗಿ ಬಂತು, ಕಿಟಕಿ ಮಾತ್ರ ಮತ್ತೆ ಎಡಕ್ಕಿತ್ತು. ತನುಶ್ರೀ ಇನ್ನೊಮ್ಮೆ ಸರಿಸಿ, ಈ ಸಲ ಸೇವ್ ಮಾಡಿದಳು. ಚಿತ್ರ ತಿರುವುಗಳಲ್ಲಿ ಒಂಚೂರು ತಡವರಿಸಿತು.

"ಈಗ ನಡ್ದಂಗದೆ," ಅಂದರು ತಿಮ್ಮಮ್ಮ. ಒಲೆಯ ಮುಂದೆಯೇ ಬಹಳ ಹೊತ್ತು ನಿಂತು ಕೊಟ್ಟಿಗೆ ನೋಡಿದರು.

ಅವರು ಹೋದ ಮೇಲೆ ತನುಶ್ರೀ ಬೀರೇಶನ ಫೋನಿಗೆ ಫೈಲಿನದೊಂದು ಕಾಪಿ, ತನ್ನ ಫೋನಿಗೊಂದು ಇಳಿಸಿಕೊಂಡಳು.

"ಮೆಮೊರೀನ ಬೆಳಿಗ್ಗೆ ಇದ್ದಂಗೇ ಏರಿಸಿ, ಪರೀಕ್ಷೆ ಹಚ್ಚಿ."

"ಈಗ್ಯಾಕೆ ಬುಡು, ಇಳಿಸಿಯಾಯ್ತಲ್ಲ."

"ನಂಗೆ ನೋಡ್ಬೇಕು. ಪೂರ್ತಿ ಆಗೋವರ್ಗೂ ಏಳಂಗಿಲ್ಲ." ಅವನ ಗಾಡಿಯ ಕೀಲಿಕೈ ತೆಗೆದುಕೊಂಡು ಮಾರ್ಕೆಟ್ಟಿಗೆ ಹೊರಟಳು.

ಬೀರೇಶ ಕೂತ. ಗೆರೆ ತೆವಳಿತು. ಬೆರಳು ನೆಟಿಗೆ ಮುರಿದ. ಕೆಳಗೆ ಬೀದಿಯಲ್ಲಿ ಯಾರದೋ ಗಾಡಿ ಸ್ಟಾರ್ಟಾಗದೆ ಕೆಮ್ಮುತ್ತಿತ್ತು. ಪ್ಲಗ್ ಒರೆಸಿದರೆ ಸಾಕು ಅದಕ್ಕೆ. ಅರ್ಧ ಎದ್ದವನು ಮತ್ತೆ ಕೂತ. ಗೆರೆ ಬೆಳಿಗ್ಗೆ ನಿಲ್ಲಿಸಿದ ಜಾಗ ದಾಟಿ ಒಂದಿಷ್ಟು ಮುಂದೆ ಹೋಗುತ್ತಲೇ ತಪ್ಪು ಸಿಕ್ಕಿತೆಂಬ ಮೊದಲ ಕೆಂಪು ಸಾಲು ಬಿತ್ತು. ಹಿಂದೆಯೇ ಇನ್ನೊಂದು.

ಒಂದು ಗುಂಡಿ ಒತ್ತಿದರೆ ಆ ಸಾಲುಗಳೆಲ್ಲ ಅಳಿಸಿ ಪರದೆ ಚೊಕ್ಕಟವಾಗುತ್ತಿತ್ತು. ಅವನು ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು, ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದಿಗೆ ಕಾಯುತ್ತಾ ಕೂತ.