ಮಹಾದೇವಕ್ಕನ ಅಳತೆಯ ಮನೆ

ಮನೆಗಳ ಒಳವಿನ್ಯಾಸ ಮಾಡುವ ಸಂಪದಾ ಯಾವ ಕೆಲಸ ಒಪ್ಪಿಕೊಂಡರೂ ಮೊದಲು ಆ ಮನೆಯಲ್ಲಿ ಒಂದು ಪೂರ್ತಿ ದಿನ ಸುಮ್ಮನೆ ಕೂತು ಬರುತ್ತಿದ್ದಳು. ಬೆಳಗಿನ ಚಹಾಕ್ಕೆ ಹೋದರೆ ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ಯಾರು ಎಲ್ಲಿ ಚಪ್ಪಲಿ ಬಿಡುತ್ತಾರೆ, ಸಿಟ್ಟು ಬಂದರೆ ಯಾವ ಮೂಲೆಗೆ ಹೋಗಿ ಕೂರುತ್ತಾರೆ, ಒಣಗಿದ ಬಟ್ಟೆ ಮಡಚುವ ಮೊದಲು ಯಾವ ಕುರ್ಚಿಯ ಮೇಲೆ ರಾಶಿ ಬೀಳುತ್ತದೆ ಎಂಬುದನ್ನೆಲ್ಲ ನೋಡಿಕೊಂಡ ಮೇಲೆಯೇ ಅವಳು ಪೆನ್ಸಿಲ್ ಹಿಡಿಯುತ್ತಿದ್ದದ್ದು. ಸವಣೂರಿನ ಅವಳ ಮನೆಯವರು ಇದಕ್ಕೆ ನಗುತ್ತಿದ್ದರು. ಆದರೆ ಅವಳು ಮಾಡಿಕೊಟ್ಟ ಮನೆಗಳಿಗೆ ಬಂದವರು ಬೇಗ ಎದ್ದು ಹೋಗುತ್ತಿರಲಿಲ್ಲ ಎಂಬ ಮಾತು ಹಾನಗಲ್ಲಿನವರೆಗೂ ಹೋಗಿತ್ತು.

ಶಿಗ್ಗಾಂವಿಯ ಮಾಲತೇಶನ ಮನೆಗೂ ಹಾಗೆಯೇ ಹೋದಳು. ಮಾಲತೇಶನದು ಬೀಜ, ಗೊಬ್ಬರದ ಅಂಗಡಿ. ಅವನ ಹೆಂಡತಿ ವಾಣಿಶ್ರೀ ಬಂಕಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಚೊಚ್ಚಲ ಹೆರಿಗೆಗೆಂದು ಹಿರೇಕೆರೂರಿನ ತವರಿಗೆ ಹೋಗಿದ್ದಳು. ಅವಳು ಕೂಸನ್ನು ಎತ್ತಿಕೊಂಡು ಬರುವಷ್ಟರಲ್ಲಿ ಹಳೆಯ ಮನೆಯ ಒಳಗನ್ನೆಲ್ಲ ಹೊಸದು ಮಾಡಬೇಕೆಂದು ಅವನ ಆಸೆ. ಬೆಳಿಗ್ಗೆ ಅವನು ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಸಂಪದಾ ಮತ್ತು ಅವನ ತಾಯಿ ಮಹಾದೇವಕ್ಕ ಇಬ್ಬರೇ.

ಮಹಾದೇವಕ್ಕನಿಗೆ ಅರವತ್ತೆರಡು. ಮಾತು ಕಡಿಮೆ, ಕೈ ಚುರುಕು. ಒಗ್ಗರಣೆ ಡಬ್ಬಿ, ಇಕ್ಕಳ, ಉಪ್ಪಿನ ಭರಣಿ ಎಲ್ಲವೂ ಇದ್ದಲ್ಲೇ ಇರಬೇಕು ಆಕೆಗೆ. ಸಂಪದಾ ಮೆಚ್ಚಿಕೊಂಡು ನೋಡುತ್ತಿದ್ದಳು. ಮಧ್ಯಾಹ್ನ ಅಡಿಗೆಮನೆಯ ಗೋಡೆಯ ಅಳತೆ ತೆಗೆಯಬೇಕೆಂದು ನೀರಿನ ಕೊಡವನ್ನು ಒಂದು ಮೊಳ ಆಚೆ ಸರಿಸಿದಳು. ಸ್ವಲ್ಪ ಹೊತ್ತಿಗೆ ಮಹಾದೇವಕ್ಕ ತಂಬಿಗೆ ಹಿಡಿದು ಬಂದಳು, ಬಾಗಿದಳು, ಕೊಡ ಮೊದಲಿದ್ದ ಜಾಗದಲ್ಲಿ ತಂಬಿಗೆ ಅದ್ದಿದಳು. ತಂಬಿಗೆ ಬರಿಯ ನೆಲಕ್ಕೆ ಬಡಿದು ಸದ್ದಾಯಿತು. ಕೊಡ ಪಕ್ಕದಲ್ಲೇ, ಹಿತ್ತಲ ಬಾಗಿಲಿನ ಬೆಳಕಿನಲ್ಲಿ ಹೊಳೆಯುತ್ತಿತ್ತು.

ಆಮೇಲೆ ಮಹಾದೇವಕ್ಕ ಅಲ್ಲೇ ನೆಲದ ಮೇಲೆ ಕೂತು, ಮಗನಿಗೂ ಹೇಳದ ಸಂಗತಿಯನ್ನು ಹೇಳಿದಳು. ಎರಡು ವರ್ಷದ ಕೆಳಗೆ ಊರಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಒಬ್ಬಳೇ ಹೋಗಿದ್ದಳು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ದಿನಾ ಔಷಧದ ಹನಿ ಹಾಕಿಕೊಂಡರೆ ಇದ್ದದ್ದು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಮೊದಲ ಬಾಟಲಿ ತೀರಿದ ಮೇಲೆ ಮತ್ತೊಂದು ತರಿಸಲು ಯಾರಿಗೆ ಹೇಳುವುದೆಂದು ತಿಳಿಯದೆ ಬಿಟ್ಟಳು. ಈಗ ಒಲೆ ಊದುವ ಕೊಳವೆಯಲ್ಲಿ ಇಣುಕಿದಂತೆ ಎದುರಿನದಷ್ಟೇ ಕಾಣುತ್ತದೆ, ಅಕ್ಕಪಕ್ಕದ್ದು ಏನೂ ಇಲ್ಲ.

ಮಗನಿಗೆ ಯಾಕೆ ಹೇಳಲಿಲ್ಲವೆಂದು ಸಂಪದಾ ಕೇಳಿದಳು.

"ಹೇಳಿದ್ರ ಕೂಸಿನ್ನ ನನ್ನ ಕೈಯಾಗ ಕೊಡ್ತಾರೇನು ತಂಗಿ? ಸೊಸಿ ಸಾಲಿಗೆ ಹೋಗಬೇಕಂದ್ರ ಯಾರನ್ನರ ಕೆಲಸಕ್ಕ ಇಡ್ತಾರ. ನನ್ನ ಮನ್ಯಾಗ ನಾನ ಬೀಗರಾಕಿ ಆಗ್ತೇನಿ. ಈ ಮನಿ ನನಗ ಕಣ್ಣು ಮುಚ್ಚಿದ್ರೂ ಗೊತ್ತೈತಿ. ಅದನ್ನ ಹಂಗ ಗೊತ್ತಿರೂವಂಗ ಮಾಡಿಕೊಡು, ಸಾಕು."

ಯಾರಿಗೂ ಹೇಳುವುದಿಲ್ಲವೆಂದು ಸಂಪದಾ ಮಾತು ಕೊಟ್ಟಳು, ಆದರೆ ಹನಿ ಹಾಕಿಕೊಳ್ಳಲು ಮತ್ತೆ ಶುರು ಮಾಡಬೇಕು ಎಂದು ಷರತ್ತು ಹಾಕಿದಳು. ಮಹಾದೇವಕ್ಕ ಹೂಂ ಅಂದಳು. ಆ ಹೂಂ ನಂಬಿಕೊಂಡು ಸಂಪದಾ ಸವಣೂರಿಗೆ ಮರಳಿದಳು. ಆ ವಾರವೆಲ್ಲ ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ. ಇಷ್ಟು ಖಚಿತವಾಗಿ ಒಬ್ಬರಿಗೆಂದೇ ಮಾಡುವ ಮನೆ ಅವಳ ಕೈಗೆ ಎಂದೂ ಸಿಕ್ಕಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಹುರುಪು ಬಂದಿತ್ತು.

ಪಡಸಾಲೆಯಿಂದ ಹಿತ್ತಲ ಬಾಗಿಲವರೆಗೆ ಗೋಡೆಗುಂಟ ಸೊಂಟದೆತ್ತರಕ್ಕೆ ಸಾಗವಾನಿಯ ಪಟ್ಟಿ. ಬಾಗಿಲು ಬರುವ ಮೊದಲು ಅದರಲ್ಲಿ ಬೆರಳಿಗೆ ಸಿಗುವಂಥ ಸಣ್ಣ ತಗ್ಗು. ಹೊಸ್ತಿಲುಗಳ ಮುಂದೆ ಬರಿಗಾಲಿಗೆ ತಿಳಿಯುವಂತೆ ಒರಟು ಕಲ್ಲಿನ ಒಂದು ಸಾಲು. ಚೂಪು ಮೂಲೆ ಎಲ್ಲಿಯೂ ಇಲ್ಲ. ಅಡಿಗೆಮನೆ ಇದ್ದಲ್ಲೇ ಇತ್ತು. ಬಂಕಾಪುರದ ಬಡಿಗ ಅಯಾಜ್ ಪಟ್ಟಿಯನ್ನು ನುಣ್ಣಗೆ ಉಜ್ಜುತ್ತ, ನೋಡಲಿಕ್ಕೆ ಹಡಗಿನ ಅಂಚಿನಲ್ಲಿ ಹಿಡಿದುಕೊಳ್ಳುವ ಕಟಾಂಜನದಂತೆ ಕಾಣುತ್ತದೆ ಎಂದು ತಮಾಷೆ ಮಾಡಿದ. ಸಂಪದಾ ಅವನಿಗೂ ಕಾರಣ ಹೇಳಲಿಲ್ಲ.

ತಂಟೆ ಬಂದದ್ದು ವಾಣಿಶ್ರೀಯ ಕಡೆಯಿಂದ. ಕೆಲಸ ಶುರುವಾಗುವ ಮೊದಲು ನಕಾಶೆ ತೋರಿಸಲು ಸಂಪದಾ ಹಿರೇಕೆರೂರಿಗೆ ಹೋದಾಗ ತುಂಬು ಬಸುರಿ ವಾಣಿಶ್ರೀ ಮೊಬೈಲಿನಲ್ಲಿ ಕೂಡಿಟ್ಟ ಚಿತ್ರಗಳನ್ನು ತೋರಿಸಿದಳು. ನಡುಮನೆಯನ್ನು ಎರಡು ಮೆಟ್ಟಿಲು ತಗ್ಗಿಸಿ ಸುತ್ತ ಮೆತ್ತೆಯ ಕಟ್ಟೆ ಮಾಡಬೇಕು, ಅಡಿಗೆಮನೆಯ ಗೋಡೆ ತೆಗೆದು ತೆರೆದಿಡಬೇಕು. ಮದುವೆಯಾದಾಗಿನಿಂದ ಅವಳು ಕಂಡ ಕನಸು ಅದು. ಸಂಪದಾ ಒಂದೊಂದಕ್ಕೂ ಬೇಡವೆಂದಳು. ಕೂಸು ಅಂಬೆಗಾಲಿಡುವಾಗ ಮೆಟ್ಟಿಲಿನಿಂದ ಬಿದ್ದೀತು ಎಂದು ಕಾರಣ ಕೊಟ್ಟಳು. ಹೊಟ್ಟೆಯಲ್ಲಿರುವ ಕೂಸಿನ ಹೆಸರು ಹೇಳಿದ ಮೇಲೆ ಯಾವ ತಾಯಿ ವಾದಿಸುತ್ತಾಳೆ? ವಾಣಿಶ್ರೀ ಒಪ್ಪಿ ಮೊಬೈಲು ಬದಿಗಿಟ್ಟಳು, ಮುಖ ಮಾತ್ರ ಸಣ್ಣದಾಯಿತು. ಅವಳಿಗೆಂದು ಕಿಟಕಿಯ ಹತ್ತಿರ ಓದುವ ಮೇಜೊಂದನ್ನು ಸಂಪದಾ ಸೇರಿಸಿದಳಾದರೂ, ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಸಮಾಧಾನವಿರಲಿಲ್ಲ.

ಮನೆ ಚೆಂದವಾಯಿತು. ವಾಣಿಶ್ರೀ ಹೆಣ್ಣುಕೂಸು ಅಂಕಿತಾಳನ್ನು ಎತ್ತಿಕೊಂಡು ಬಂದಳು. ರಜೆ ಮುಗಿದು ಶಾಲೆಗೆ ಹೋಗತೊಡಗಿದಳು. ಮಹಾದೇವಕ್ಕ ಮೊಮ್ಮಗಳನ್ನು ಬಗಲಲ್ಲಿ ಹೊತ್ತು, ಇನ್ನೊಂದು ಕೈಯನ್ನು ಪಟ್ಟಿಯ ಮೇಲಾಡಿಸುತ್ತ ಮನೆಯೆಲ್ಲ ತಿರುಗುತ್ತಿದ್ದಳು. ಮಹಾದೇವಕ್ಕನಿಗೆ ಹೊಸ ಮನೆಯಲ್ಲಿ ವಯಸ್ಸೇ ಇಳಿದಿದೆ ಎಂದು ಓಣಿಯವರು ಅಂದರಂತೆ. ಮಾಲತೇಶ ಅದನ್ನು ಫೋನಿನಲ್ಲಿ ಹೇಳಿದಾಗ ಸಂಪದಾ ಹಿಗ್ಗಿದಳು. ಹನಿಯ ಬಗ್ಗೆ ಕೇಳಬೇಕೆಂದುಕೊಂಡಳು, ಮಾತು ಬೇರೆ ಕಡೆ ಹೋಯಿತು.

ಮೂರು ತಿಂಗಳ ಮೇಲೆ ಅಯಾಜ್‌ನಿಂದ ಸುದ್ದಿ ಬಂತು. ಮಾಲತೇಶನ ಮನೆಯ ಕೂಸು ಬಿದ್ದು ಭುಜದ ಹತ್ತಿರದ ಕೊರಳೆಲುಬು ಮುರಿದಿದೆ, ಆಸ್ಪತ್ರೆಯಲ್ಲಿದ್ದಾರೆ. ಸಂಪದಾ ಇದ್ದ ಕೆಲಸ ಬಿಟ್ಟು ಹೊರಟಳು.

ಅಂಕಿತಾಳ ತೋಳನ್ನು ಎದೆಗೆ ಸೇರಿಸಿ ಬಟ್ಟೆ ಕಟ್ಟಿದ್ದರು. ಅತ್ತು ಸುಸ್ತಾಗಿ ಮಲಗಿತ್ತು. ನಡೆದದ್ದು ಇಷ್ಟು: ಬೆಳಿಗ್ಗೆ ಪರದೆ ಬದಲಿಸಲು ವಾಣಿಶ್ರೀ ಸ್ಟೂಲು ಹತ್ತಿದ್ದಳು, ಬಸ್ಸಿನ ಹೊತ್ತಾಯಿತೆಂದು ಅದನ್ನು ನಡುಮನೆಯ ಬಾಗಿಲ ಬದಿಯಲ್ಲೇ ಬಿಟ್ಟು ಹೋದಳು. ಮಧ್ಯಾಹ್ನ ಮಹಾದೇವಕ್ಕ ಕೂಸಿನೊಂದಿಗೆ ಅದಕ್ಕೆ ಎಡವಿದಳು. ತಲೆ ತಿರುಗಿತು ಎಂದು ಆಕೆ ಹೇಳಿದ್ದಳು. ಮಾಲತೇಶ ಹೆಂಡತಿಯನ್ನು ಎಲ್ಲರೆದುರು ಬೈದಿದ್ದ. ವಾಣಿಶ್ರೀ ಎದುರಾಡಿರಲಿಲ್ಲ. ತನ್ನ ಕೈಯಾರೆ ಸ್ಟೂಲು ಇಟ್ಟು ಮಗಳನ್ನು ಬೀಳಿಸಿದೆ, ಇನ್ನು ನೌಕರಿ ಸಾಕು, ನಾಳೆಯೇ ರಾಜೀನಾಮೆ ಬರೆದುಕೊಡುತ್ತೇನೆ ಎಂದು ಸಂಪದಾಳ ಮುಂದೆ ಅಷ್ಟನ್ನೇ ಮತ್ತೆ ಮತ್ತೆ ಹೇಳಿದಳು.

ಮಹಾದೇವಕ್ಕ ಮಂಚದ ಆ ಬದಿಗೆ ಕೂತಿದ್ದಳು. ಸಂಪದಾ ಕಾದಳು. ಆಕೆ ಬಾಯಿ ಬಿಡಲಿಲ್ಲ. ಆಗ ನೀರು ಕುಡಿಸುವ ನೆವದಲ್ಲಿ ಕೈ ಹಿಡಿದು ವರಾಂಡಕ್ಕೆ ಕರೆದುಕೊಂಡು ಹೋದಳು.

"ನೀವ ಹೇಳ್ರಿ ಅವ್ವಾರ. ಇಲ್ಲಾಂದ್ರ ನಾ ಹೇಳಬೇಕಾಗ್ತದ."

"ನೀ ಮಾತು ಕೊಟ್ಟೀದಿ."

"ಕೊಟ್ಟೀನಿ. ಹನಿ ಹಾಕ್ಕೋತೀನಂತ ನೀವೂ ಕೊಟ್ಟಿದ್ರಿ. ಹಾಕ್ಕೊಂಡ್ರೇನು?"

ಮಹಾದೇವಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ತಗಲಿಸಿಕೊಂಡಳು.

ಸಂಪದಾಳೇ ಹೇಳಿದಳು. ಕೊಡದಿಂದ ಶುರು ಮಾಡಿ ಪಟ್ಟಿ, ಕಲ್ಲಿನ ಸಾಲು, ಮೆಟ್ಟಿಲು ಬೇಡವೆಂದದ್ದು, ಒಂದನ್ನೂ ಬಿಡದೆ ಹೇಳಿದಳು. ಮಾಲತೇಶ ತಾಯಿಯ ಮುಖದ ಮುಂದೆ ಬೆರಳು ಹಿಡಿದು ಪಕ್ಕಕ್ಕೆ ಸರಿಸುತ್ತ ಹೋದ. ಎಲ್ಲಿಯವರೆಗೆ ಕಾಣುತ್ತದೆ ಎಂದು ಪ್ರತಿ ಸಲವೂ ಕೇಳಿದ. ವಾಣಿಶ್ರೀ ಮಾತ್ರ ಸಂಪದಾಳನ್ನೇ ನೋಡುತ್ತಿದ್ದಳು.

"ದಿನಾ ಕೂಸಿನ್ನ ಆ ಕೈಯಾಗ ಕೊಟ್ಟು ಬಸ್ ಹತ್ತತಿದ್ದೆ ನಾ. ನಿಮಗ ಗೊತ್ತಿತ್ತು. ಮ್ಯಾಲ ಕೂಸಿನ ಸಲುವಾಗಿ ಅಂತ ನನಗ ಸುಳ್ಳು ಹೇಳಿದ್ರಿ."

ಮುಂದಿನ ವಾರ ಮಾಲತೇಶ ತಾಯಿಯನ್ನು ಹುಬ್ಬಳ್ಳಿಗೆ ಕರೆದೊಯ್ದ. ಉಳಿದ ಚೂರನ್ನು ಕಾಪಾಡಬಹುದು, ಒಂದು ವರ್ಷ ಮೊದಲು ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದರು ಅಲ್ಲಿಯ ಡಾಕ್ಟರು. ಅದನ್ನು ಅವನು ಫೋನಿನಲ್ಲಿ ಸಿಟ್ಟಿಲ್ಲದೆ, ಸುದ್ದಿ ಹೇಳುವವನಂತೆ ಹೇಳಿದ. ಸಂಪದಾ ಲೆಕ್ಕ ಹಾಕಿದಳು. ಕೊಡ ಸರಿಸಿದ ಆ ಮಧ್ಯಾಹ್ನಕ್ಕೆ ಸರಿಯಾಗಿ ಹನ್ನೊಂದು ತಿಂಗಳಾಗಿತ್ತು. ಹೊಸದಾಗಿ ಮಾಡಿದ ಬೇರೆ ಯಾವ ಮನೆಯಲ್ಲಾದರೂ ಮಹಾದೇವಕ್ಕ ಒಂದೆರಡು ವಾರದಲ್ಲಿ ಎಡವುತ್ತಿದ್ದಳು, ಮನೆಯವರಿಗೆ ತಿಳಿಯುತ್ತಿತ್ತು, ಔಷಧ ಸಿಗುತ್ತಿತ್ತು. ತಾನು ಮಾಡಿದ ಮನೆಯೇ ಆಕೆಯ ಕುರುಡನ್ನು ಇಷ್ಟು ದಿನ ಮುಚ್ಚಿಟ್ಟಿತು.

ಎರಡು ತಿಂಗಳಾದ ಮೇಲೆ ವಾಣಿಶ್ರೀ ತಾನಾಗಿ ಫೋನ್ ಮಾಡಿ, ಭಾನುವಾರ ಬಂದು ಹೋಗಿ ಅಂದಳು. ಅಂಕಿತಾಳ ಎಲುಬು ಕೂಡಿತ್ತು. ಹಗಲು ನೋಡಿಕೊಳ್ಳಲು ಹೊಳೆವ್ವ ಎಂಬವಳನ್ನು ಇಟ್ಟಿದ್ದರು, ವಾಣಿಶ್ರೀ ನೌಕರಿ ಬಿಟ್ಟಿರಲಿಲ್ಲ. ಪಡಸಾಲೆಯಲ್ಲಿ ಮಹಾದೇವಕ್ಕ ಚಾಪೆಯ ಮೇಲೆ ಕಾಲು ನೀಡಿ ಕೂತಿದ್ದಳು. ಕೂಸು ತೊಡೆಯ ಮೇಲಿತ್ತು. ಎತ್ತಿಕೊಂಡು ಏಳುವಂತಿಲ್ಲವೆಂದು ಮನೆಯವರು ಕಟ್ಟುಮಾಡಿದ್ದರು. ಸಂಪದಾ ನಮಸ್ಕಾರ ಹೇಳಿದಳು. ಮಹಾದೇವಕ್ಕನಿಗೆ ದನಿಯ ಗುರುತು ಸಿಕ್ಕದೆ ಇರಲಿಲ್ಲ. ಆಕೆ ಕೂಸಿನ ಅಂಗಿಯ ಗುಂಡಿ ಹಾಕುತ್ತಲೇ ಇದ್ದಳು.

ಮನೆಯಲ್ಲಿ ಯಾವುದು ಅತ್ತೆಗಾಗಿ ಮಾಡಿದ್ದು, ಯಾವುದನ್ನು ಸರಿಸಬಾರದು, ಎಲ್ಲವನ್ನೂ ತೋರಿಸಿ ಎಂದಳು ವಾಣಿಶ್ರೀ. ಸಂಪದಾ ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋದಳು. ಪಟ್ಟಿಯ ತಗ್ಗುಗಳ ಮೇಲೆ ವಾಣಿಶ್ರೀ ತಾನೂ ಬೆರಳಿಟ್ಟು ನೋಡಿದಳು. ಶಾಲೆಯ ನೋಟುಪುಸ್ತಕದಲ್ಲಿ ಒಂದೊಂದನ್ನೂ ಬರೆದುಕೊಂಡಳು. ಬಾಗಿಲ ತನಕ ಬಂದು ಕಳಿಸುವಾಗ ಅಂದಳು:

"ನಿಮ್ಮ ಮ್ಯಾಲಿನ ಸಿಟ್ಟು ನನಗ ಹೋಗಿಲ್ರಿ. ಇದನ್ನ ಮಾಡಿದಾಕಿಗೆ ನಾ ಕೈ ಮುಗಿಬೇಕೋ ಬೈಬೇಕೋ, ಅದೂ ತಿಳಿವಲ್ದು."

ಮರುದಿನ ಹಾನಗಲ್ಲಿನಲ್ಲಿ ಅಡಿಕೆ ವ್ಯಾಪಾರದ ಕುಬೇರಪ್ಪನವರ ಮನೆಯಲ್ಲಿ ಸಂಪದಾ ದಿನಪೂರ್ತಿ ಕೂತುಬರಬೇಕಿತ್ತು. ಅಲ್ಲಿಯೂ ಯಾರದೋ ಗುಟ್ಟು ಕಣ್ಣಿಗೆ ಬಿದ್ದೀತೆಂಬ ಅಂಜಿಕೆಯಿಂದ, ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಿ ನಿಂತೇ ಅವರಿಗೆ ಫೋನ್ ಮಾಡಿ, ನಾಳೆ ಬರಲಾಗುವುದಿಲ್ಲ ಎಂದಳು. ಹಾಗಾದರೆ ಯಾವಾಗ ಬರ್ತೀರಿ ಎಂದು ಅವರು ಕೇಳಿದರು. ಸವಣೂರಿನ ಬಸ್ಸು ಬಂದು ಮುಂದೆ ನಿಂತಿತು. ಹೇಳ್ತೀನ್ರಿ ಎಂದಷ್ಟೇ ಹೇಳಿ ಅವಳು ಬಸ್ ಹತ್ತಿದಳು.