ಮುಂದಿನ ಜಾಗದ ಉಸಿರು

ಸಂಪಗಾಂವದ ಇತಿಹಾಸ ಬರೆಯುವವರು ಬಿಡಬಾರದ ಸಂಗತಿ ಇದು: ಕಳೆದ ಶ್ರಾವಣದ ಎರಡನೆಯ ಸೋಮವಾರ ಮಠದ ಭಜನೆಯಲ್ಲಿ ನಿಜಗುಣಪ್ಪನವರ ಉಸಿರು, ಹಾಡುತ್ತಿದ್ದ ಸಾಲಿಗಿಂತ ಮೊದಲೇ ಮುಗಿಯಿತು. ಉಳಿದ ಅರ್ಧ ಸಾಲನ್ನು ಹಿಂದೆ ಕೂತಿದ್ದ ಬಸಲಿಂಗಪ್ಪನವರು ಎತ್ತಿಕೊಂಡರು. ಆ ಮೇಳದ ಪದ್ಧತಿಯಲ್ಲಿ, ಸಾಲು ಎತ್ತಿಕೊಂಡವರು ಮುಂದಿನ ವಾರದಿಂದ ಮುಂದೆ ಕೂಡಬೇಕು. ಇಪ್ಪತ್ತೆರಡು ವರ್ಷ ಮುಂದೆ ಕೂತ ನಿಜಗುಣಪ್ಪ ತಾಳ ಹಿಡಿದು ಹಿಂದಕ್ಕೆ ಸರಿದರು. ವಾರವಿಡೀ ಊಟ ರುಚಿಸಲಿಲ್ಲ.

ತಂಗಿಯ ಮಗಳು ಅನ್ನಪೂರ್ಣಾ ಕಿತ್ತೂರಿನಲ್ಲಿ ಪಿ.ಟಿ. ಟೀಚರು. ಮಾಮನ ಉಸಿರು ಗಟ್ಟಿಯಾಗಲೆಂದು, ಮುಚ್ಚಿದ ಜಿಮ್ಮೊಂದರಿಂದ ಹುಟ್ಟು ಹಾಕಿದಂತೆ ಜಗ್ಗುವ ರೋಯಿಂಗ್ ಮಷೀನು ತಂದು ಪಡಸಾಲೆಯಲ್ಲಿ, ಜೋಳದ ಚೀಲಗಳ ಪಕ್ಕ ಇಟ್ಟಳು. ನೀರಿಲ್ಲ, ದೋಣಿಯಿಲ್ಲ, ಜಾರುವ ಸೀಟಿನ ಮೇಲೆ ಕೂತು ಹಿಡಿಕೆ ಜಗ್ಗುವುದು, ಬಿಡುವುದು. ಎಷ್ಟು ಕಿಲೋಮೀಟರ್ ಆಯಿತೆಂದು ಎದುರಿನ ಪುಟ್ಟ ಪರದೆ ತೋರಿಸುತ್ತಿತ್ತು. ನಿಜಗುಣಪ್ಪ ಭಜನೆಯ ಕೊನೆಯ ಜೋರು ತಾಳ ಗುನುಗುತ್ತ, ಅದಕ್ಕೆ ಸರಿಯಾಗಿ ಜಗ್ಗಿದರು. ನಾಲ್ಕೇ ನಿಮಿಷಕ್ಕೆ ಚೀಲಕ್ಕೆ ಒರಗಿದರು.

"ಯಾರ ಜೋಡಿ ಜಿದ್ದು, ಮಾಮಾ?"

"ಬಸಲಿಂಗನ ಜೋಡಿ."

"ಅವರು ಇಲ್ಲಿಲ್ಲ. ಸಾವಕಾಶ ಜಗ್ಗರಿ. ಮಾತಾಡಕೋತ ಜಗ್ಗಾಕ ಬರಬೇಕು. ಮಾತು ಕಡೀತಂದ್ರ ಜೋರಾತು ಅಂತ ತಿಳೀರಿ. ದಿನಾ ಒಂದು ತಾಸು."

"ತಾಸುಗಟ್ಟಲೆ ಮಾತಾಡಾಕ ಮಂದಿ ಬೇಕಲ್ಲವಾ."

"ಈ ಊರಾಗ ಅದಕ್ಕೇನ್ ಕಡಿಮಿ," ಎಂದರು ಪತ್ನಿ ಸಾವಿತ್ರೆವ್ವ, ಚಹಾ ಸೋಸುತ್ತ.

ಕಡಿಮೆಯಾಗಲಿಲ್ಲ. ಪಕ್ಕದ ಮನೆಯ ಶಟ್ಟೆವ್ವ ದಿನಾ ಸಂಜೆ ಕಟ್ಟೆಗೆ ಕೂತು ಕೇಳುವರು, "ಅಣ್ಣಾ, ಎಲ್ಲಿ ಮುಟ್ಟೀರಿ?"

"ಸೋಮವಾರದಿಂದ ಕೂಡಿಸಿದ್ರ ಸವದತ್ತಿ ಸಮೀಪ ಅದೇನಿ."

"ಬರೋಮುಂದ ಬಾಳೆಹಣ್ಣು ತರ್ರಿ."

ದೀಪಾವಳಿಯ ಹೊತ್ತಿಗೆ ನಿಜಗುಣಪ್ಪ ನೆಲಕ್ಕೆ ಕೈಯೂರದೆ ಏಳತೊಡಗಿದರು. ನಿದ್ದೆ ಬಂತು. ಹೆಂಡತಿಯ ಪ್ರಕಾರ ಗೊರಕೆಯೂ ಒಂದೇ ಲಯಕ್ಕೆ ಬಂತು. ಹುರುಪು ಬಂದು ಜೋರು ಜಗ್ಗಿದ ದಿನ ಮಾತು ಕಡಿಯುತ್ತಿತ್ತು. ಶಟ್ಟೆವ್ವ "ಹಾಂ, ಮುಂದ ಹೇಳ್ರಿ" ಎಂದೊಡನೆ ನಿಧಾನವಾಗುತ್ತಿದ್ದರು.

ಒಂದು ಸಂಜೆ ಬಸಲಿಂಗಪ್ಪನವರೇ ನೋಡಲು ಬಂದರು. ನಿಜಗುಣಪ್ಪ ಜಗ್ಗುತ್ತಲೇ ಹಿಂಗಾರಿ ಜೋಳ, ಮಠದ ಸೋರುವ ಮಾಳಿಗೆ, ಬಸಲಿಂಗಪ್ಪನವರ ಅಳಿಯನ ಟ್ರ್ಯಾಕ್ಟರು ಎಲ್ಲದರ ಮಾತೂ ಮುಗಿಸಿದರು. ನಲವತ್ತನೆಯ ನಿಮಿಷಕ್ಕೆ ಬಸಲಿಂಗಪ್ಪ ಎದ್ದರು.

"ಯಾಕ, ಕುಂತ್ಕೋರಿ."

"ಕೇಳಿ ಕೇಳಿ ನನಗ ದಣಿವಾತು."

ಮಾಘದ ಮೊದಲ ಸೋಮವಾರ ಮೂರನೆಯ ಪದದಲ್ಲಿ ಬಸಲಿಂಗಪ್ಪನವರಿಗೆ ಕೆಮ್ಮು ಬಂತು. ಹಿಂದಿನಿಂದ ನಿಜಗುಣಪ್ಪ ಸಾಲು ಎತ್ತಿಕೊಂಡು, ಮುಂದಿನದನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಹಾಡಿದರು. ಈಗ ಮಠದಲ್ಲಿ ಅವರು ಮುಂದೆ ಕೂಡುತ್ತಾರೆ. ಮಷೀನಿನ ಮೇಲೆ ಸಂಜೆ ನಿಜಗುಣಪ್ಪ, ಬೆಳಿಗ್ಗೆ ಬಸಲಿಂಗಪ್ಪ.