ಮಂಜಿನಲ್ಲಿ ಬಿಳಿ ಹಕ್ಕಿ

ಪುಂತಾ ಅರೇನಾಸ್ ಬಂದರು ಬಿಟ್ಟು ದಕ್ಷಿಣ ಧ್ರುವದ ಕಡೆ ಹೊರಟ ಹನ್ನೊಂದನೇ ದಿನ ಬೆಳಿಗ್ಗೆ ಸಮುದ್ರ ಇದ್ದಕ್ಕಿದ್ದಂತೆ ತಣ್ಣಗಾಗತೊಡಗಿತು. ನಮ್ಮ ಸಂಶೋಧನಾ ಹಡಗಿನ ತಳದಿಂದ ಪಂಪು ಕೊಳವೆಯಲ್ಲಿ ಎತ್ತುವ ನೀರಿನ ಶಾಖವನ್ನೂ ಉಪ್ಪನ್ನೂ ಅಳೆಯುವುದು ನನ್ನ ಕೆಲಸ. ಎಂಟು ಗಂಟೆಗೆ ಒಂದೂವರೆ ಡಿಗ್ರಿ ಇದ್ದದ್ದು ಹತ್ತರ ಹೊತ್ತಿಗೆ ಸೊನ್ನೆಗಿಂತ ಕೆಳಗಿಳಿದಿತ್ತು. ಉಪ್ಪೂ ಇಳಿಯುತ್ತಿತ್ತು. ಹತ್ತಿರದಲ್ಲೆಲ್ಲೋ ಹಿಮಗಡ್ಡೆ ಕರಗುತ್ತಿರಬೇಕು. ಕಿಟಕಿಯಾಚೆ ದಟ್ಟ ಮಂಜು.

ಅಂಕಿಗಳನ್ನು ಚೀಟಿಯಲ್ಲಿ ಗೀಚಿಕೊಂಡು ಚುಕ್ಕಾಣಿ ಕೋಣೆಗೆ ಓಡಿದೆ.

ಕ್ಯಾಪ್ಟನ್ ಉರ್ರುತಿಯಾ ನನ್ನನ್ನು ನೋಡಿದ್ದೇ ನಕ್ಕ. "ಬಂದ್ಲಪ್ಪ ಯೆರ್ಕಾ, ನೀರಲ್ಲಿ ಭವಿಷ್ಯ ನೋಡೋಳು! ಏನಂತೆ ಇವತ್ತು?"

"ಹತ್ತಿರದಲ್ಲಿ ಹಿಮ ಇದೆ ಕ್ಯಾಪ್ಟನ್. ವೇಗ ಕಮ್ಮಿ ಮಾಡಿದ್ರೆ ಒಳ್ಳೇದು."

"ರೇಡಾರಲ್ಲಿ ಏನೂ ಇಲ್ಲ. ಬಿರುಗಾಳಿ ಬೆನ್ನು ಹತ್ತಿದೆ, ಸಂಜೆಯೊಳಗೆ ಕೊಲ್ಲಿ ಸೇರ್ಬೇಕು ನಾವು." ಕಿಟಕಿಯ ಕಡೆ ತಿರುಗಿದ. "ದೋನ್ ಎವಾರಿಸ್ತೊ, ಬಿಳಿ ಹಕ್ಕಿ ಕಂಡ್ವಾ?"

"ಒಂದೂ ಇಲ್ಲ," ಎಂದರು ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ದೋನ್ ಎವಾರಿಸ್ತೊ, ದುರ್ಬೀನು ಇಳಿಸದೆ.

ಅವರು ಇಪ್ಪತ್ತಾರು ಬೇಸಿಗೆಗಳಿಂದ ಈ ಸಮುದ್ರದಲ್ಲಿ ಹಕ್ಕಿ ಎಣಿಸುತ್ತ ಬಂದವರು. ನನಗೆ ಒಂದೊಂದು ಹಕ್ಕಿಯ ಹೆಸರು ಹೇಳಿಕೊಟ್ಟವರೂ ಅವರೇ. ಹಿಮ ಪೆಟ್ರೆಲ್ ಎಂಬ ಅಚ್ಚ ಬಿಳಿ ಹಕ್ಕಿ ಹಿಮ ಬಿಟ್ಟು ದೂರ ಹೋಗುವುದಿಲ್ಲ. ಅದು ಕಂಡರೆ ಹಿಮ ಹತ್ತಿರವಿದೆ ಎಂದೇ ಅರ್ಥ.

"ಕೇಳಿಸ್ತಾ? ಅವರು ಇಲ್ಲ ಅಂದ್ರೆ ಇಲ್ಲ," ಎಂದ ಕ್ಯಾಪ್ಟನ್. "ನಿನ್ನ ಪಂಪು ಮತ್ತೆ ಕೆಟ್ಟಿರ್ಬೇಕು, ಹೋಗಿ ನೋಡು."

ಹೋದ ವಾರ ಪಂಪು ನಿಜಕ್ಕೂ ಕೆಟ್ಟು, ಸುಳ್ಳು ಅಂಕಿ ಹಿಡಿದು ನಾನು ಎಲ್ಲರೆದುರು ಪೇಚಿಗೆ ಸಿಕ್ಕಿದ್ದೆ. ಮುಖ ಬಿಸಿಯಾಯಿತು. ಹೊರಡಬೇಕೆಂದು ತಿರುಗುವಷ್ಟರಲ್ಲಿ ಕಿಟಕಿಯಾಚೆ ಏನೋ ಅಲುಗಿತು. ಪಾರಿವಾಳದಷ್ಟು ದೊಡ್ಡ, ಬಿಳೀ ಹಕ್ಕಿ. ಹಿಂದೆ ಮತ್ತೆರಡು. ಆಮೇಲೆ ಮೂರು. ಕ್ಯಾಪ್ಟನ್ ರೇಡಾರಿನ ಮೇಲೆ ಬಗ್ಗಿದ್ದ. ದೋನ್ ಎವಾರಿಸ್ತೊ ಅವರ ದುರ್ಬೀನು ನೇರ ಆ ಕಡೆಗೇ ಇತ್ತು. ಎಣಿಕೆಯ ಹಾಳೆಯ ಮೇಲೆ ಅವರ ಪೆನ್ಸಿಲ್ ಅಲುಗಲಿಲ್ಲ.

ಅವರಿಗೆ ಕಾಣಿಸುತ್ತಿಲ್ಲ!

ಗಟ್ಟಿಯಾಗಿ ಹೇಳಿದರೆ ಅವರ ಸಮುದ್ರದ ಬದುಕು ಇಲ್ಲಿಗೇ ಮುಗಿಯಿತು. ಹೇಳದಿದ್ದರೆ? ಹಡಗಿನಲ್ಲಿ ನಲವತ್ತೊಂದು ಜನ. ಎಂಜಿನ್ ಒಂದೇ ಸಮನೆ ಗುಡುಗುಡು ಎನ್ನುತ್ತಿತ್ತು. ಒಂದೊಂದು ಕ್ಷಣವೂ ಮಂಜಿನೊಳಕ್ಕೆ ನುಗ್ಗುತ್ತಲೇ ಇದ್ದೆವು. ಅವರ ಪಕ್ಕ ಹೋಗಿ ಬಗ್ಗಿದೆ.

"ದೋನ್ ಎವಾರಿಸ್ತೊ," ಎಂದು ಪಿಸುಗುಟ್ಟಿದೆ. "ಆರು ಹೋದ್ವು. ನಿಮ್ಮ ಮುಂದೇನೇ."

ಅವರ ಭುಜ ಬಿಗಿಯಿತು. "ಬಿಳೀವಾ?"

"ಹ್ಞೂಂ. ಈಗ ಇನ್ನೆರಡು."

ನಾನು ಕ್ಯಾಪ್ಟನ್ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದರು. "ಬೇಡ ಮಗಳೇ. ನಾನೇ ಹೇಳ್ತೀನಿ."

ಸ್ಟೂಲಿನಿಂದ ಇಳಿದು ನಿಂತರು. "ಕ್ಯಾಪ್ಟನ್, ಹಡಗು ನಿಧಾನ ಮಾಡಿ. ಬಿಳಿ ಹಕ್ಕಿ ಇವೆ. ನನಗೆ ಕಾಣ್ತಿಲ್ಲ ಅಷ್ಟೇ. ಕಣ್ಣಿಗೆ ಪೊರೆ ಬಂದು ಒಂದು ವರ್ಷ ಆಯ್ತು. ನಿಮ್ಗೆ ಸುಳ್ಳು ಹೇಳ್ಕೊಂಡ್ ಬಂದೆ. ಯೆರ್ಕಾ ಹೇಳಿದ್ದು ಕೇಳಿ."

ಕ್ಯಾಪ್ಟನ್ ಮುಖದಲ್ಲಿ ನಗು ಸತ್ತುಹೋಯಿತು. ಬೈಯುತ್ತಾನೆಂದುಕೊಂಡೆ. ಆತ ವೇಗ ಇಳಿಸಿ, ಒಬ್ಬ ನಾವಿಕನನ್ನು ಹಡಗಿನ ಮುಂಭಾಗದ ಮೂತಿಯ ಕಾವಲಿಗೆ ಕಳಿಸಿದ.

ಕಾಲು ಗಂಟೆ ಕಾದೆವು. ಏನೂ ಇಲ್ಲ. ಕ್ಯಾಪ್ಟನ್ ಗಡಿಯಾರ ನೋಡಿದ, ನನ್ನನ್ನು ನೋಡಿದ, ಮತ್ತೆ ಗಡಿಯಾರ ನೋಡಿದ. ಎರಡನೇ ಸಲವೂ ನಾನೇ ತಪ್ಪಿದೆನೇ? ವಯಸ್ಸಾದವರೊಬ್ಬರ ಮಾನವನ್ನು ಕೆಟ್ಟ ಪಂಪಿನ ಮಾತು ಕೇಳಿ ತೆಗೆದೆನೇ? ಆ ಹಕ್ಕಿಗಳು ಬೇರೆ ಜಾತಿಯವೇ?

ಆಗ ಮೂತಿಯಿಂದ ಕೂಗು ಬಂತು. "ಹಿಮ! ಎದುರಿಗೇ ಇದೆ! ಎಡಕ್ಕೆ ತಿರುಗ್ಸಿ, ಎಡಕ್ಕೆ!"

ಹಡಗು ವಾಲಿತು. ಎಲ್ಲರೂ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆವು. ನೀರಿನ ಮಟ್ಟಕ್ಕೇ ತೇಲುತ್ತಿದ್ದ, ಲಾರಿಗಿಂತ ದೊಡ್ಡದಾದ, ಗಾಜಿನಂಥ ಕಪ್ಪು ಹಿಮಗಡ್ಡೆ ನಮ್ಮ ಬಲಕ್ಕೆ ಹಾಯ್ದುಹೋಯಿತು. ಅಲೆಗಳ ನಡುವೆ ರೇಡಾರಿಗೆ ಅದು ಕಂಡಿರಲೇ ಇಲ್ಲ. ಅದಕ್ಕೂ ಹಡಗಿಗೂ ನಡುವೆ ಇದ್ದದ್ದು ಇಪ್ಪತ್ತು ಮೀಟರು.

ಹಡಗು ನೆಟ್ಟಗಾದ ಮೇಲೆ ಕ್ಯಾಪ್ಟನ್ ಇತ್ತ ತಿರುಗಿದ. "ಒಂದು ವರ್ಷ, ದೋನ್ ಎವಾರಿಸ್ತೊ! ನಿಮ್ಮನ್ನ ನಂಬ್ಕೊಂಡು ಹಡಗು ಓಡಿಸ್ದೆ."

"ಗೊತ್ತು," ಎಂದರು ಅವರು. "ಹಡಗಿಂದ ಇಳಿಸಿಬಿಡ್ತಾರೆ ಅಂತ ಹೆದರಿಕೆ ಆಯ್ತು."

ಕ್ಯಾಪ್ಟನ್ ಎಲ್ಲವನ್ನೂ ಹಡಗಿನ ದಿನಚರಿಯಲ್ಲಿ ಬರೆಸಿದ.

ಬಿರುಗಾಳಿ ನಮ್ಮನ್ನು ಹಿಡಿದೇಬಿಟ್ಟಿತು. ಎರಡು ದಿನ ಒದ್ದಾಡಿ ಕೊಲ್ಲಿ ಸೇರಿದೆವು. ಅಲ್ಲಿ ಗಾಳಿ ತಗ್ಗಿದ ಮಧ್ಯಾಹ್ನ ದೋನ್ ಎವಾರಿಸ್ತೊ ನನ್ನ ಮೇಜಿಗೆ ಬಂದು ಹನ್ನೊಂದು ದಿನಗಳ ಎಣಿಕೆಯ ಹಾಳೆಗಳನ್ನು ಇಟ್ಟರು. ನೀರಿಗೂ ಹಕ್ಕಿಗೂ ಇರುವ ನಂಟಿನ ಮೇಲೆ ನಾನು ಬರೆಯಬೇಕಿದ್ದ ಪ್ರಬಂಧಕ್ಕೆ ಆ ಹಾಳೆಗಳೇ ಆಧಾರ.

"ಬಿಳಿ ಹಕ್ಕಿ ಲೆಕ್ಕ ಎಲ್ಲ ಹೊಡೆದುಹಾಕು," ಎಂದರು. "ಕಪ್ಪು, ಕಂದು ಬಣ್ಣದವು ಇರ್ಲಿ."

"ಕಪ್ಪಿಂದು ಖಾತ್ರಿನಾ ದೋನ್ ಎವಾರಿಸ್ತೊ?"

ಅವರು ಮೊದಲ ಹಾಳೆಯನ್ನು ಮುಖದ ಹತ್ತಿರ ತಂದುಕೊಂಡು ತಮ್ಮದೇ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

"ಇಲ್ಲ," ಎಂದರು.

ನಾನು ಪೆನ್ನು ಕೊಟ್ಟೆ. ಅವರು ಒಂದೊಂದಾಗಿ ಹಾಳೆಗಳಿಗೆ ಅಡ್ಡಗೆರೆ ಎಳೆದು, ಕೆಳಗೆ ಸಹಿ ಹಾಕುತ್ತ ಹೋದರು.